ಸಮುದ್ರದ ಬೆಳಕೂ ಆಕಾಶದ ಬೆಳಕೂ

ಕಾರಣ ತಿಳಿಯದ ಬೆಳಕನ್ನು ಕತ್ತಲೆಯಲ್ಲಿ ಕಂಡರೆ ಕೊಳ್ಳಿದೆವ್ವವೆಂದು ಹೆದರುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಹೆದರುವದಕ್ಕೆ ಮೊದಲು ವಿಚಾರಿಸುವದು ಲೇಸು.

2020ನೇ ಇಸವಿಯ ನವೆಂಬರಿನಲ್ಲಿ ಉಡುಪಿ, ಮಂಗಳೂರು, ಕಾರವಾರದ ತೀರಗಳಲ್ಲಿ ರಾತ್ರಿಯ ಅಲೆಗಳು ನೀಲವಾಗಿ ಹೊಳೆದವು. ಹಾಗಾದರೆ ನೀರಿಗೆ ಬೆಂಕಿ ಹತ್ತಿತೋ? ಇಲ್ಲ, ಆ ಬೆಳಕಿನಲ್ಲಿ ಸುಡುವ ಕಾವೇ ಇಲ್ಲ. ನಾಕ್ಟಿಲೂಕಾ ಎಂಬ ಒಂದೇ ಜೀವಕೋಶದ ಪ್ರಾಣಿಯು, ಸಾಮಾನ್ಯವಾಗಿ ರಾಗಿಕಾಳಿಗಿಂತಲೂ ಚಿಕ್ಕದು, ಅಲೆಯಾಗಲಿ ಹುಟ್ಟಾಗಲಿ ತಾಕಿದ ಕೂಡಲೆ ಕ್ಷಣಮಾತ್ರ ಮಿನುಗುವದು. ನಮ್ಮ ಬೇಲಿಗಳ ಮಿಣುಕುಹುಳದಂತೆ ಇದಕ್ಕೂ ಮೈಯೊಳಗಿನ ದ್ರವ್ಯಗಳೇ ದೀಪ. ಇದು ಉಪ್ಪುನೀರಿನ ಜೀವಿಯಾದದರಿಂದ ಕನ್ನಂಬಾಡಿಯ ಕಟ್ಟೆಯಲ್ಲಿ ಹುಡುಕಿದರೆ ಸಿಕ್ಕದು. ನೋಡುವವರಿಗೆ ಸೊಗಸು, ಬೆಸ್ತರಿಗೆ ಹಾಗಲ್ಲ. ಯಾಕಂದರೆ ಇದು ಮಿತಿಮೀರಿ ಹೆಚ್ಚಿದಲ್ಲಿ ನೀರಿನ ಪ್ರಾಣವಾಯು ಕುಂದಿ, ಮೀನುಗಳು ಆ ಸ್ಥಳವನ್ನು ಬಿಟ್ಟುಹೋಗುವದುಂಟು.

ಶ್ರೀರಂಗಪಟ್ಟಣಕ್ಕೆ ಸಮುದ್ರ ದೂರ, ಆಕಾಶವಾದರೋ ದೂರವಲ್ಲ. ಪ್ರತಿವರ್ಷ ಡಿಸೆಂಬರ್ 13, 14ರ ರಾತ್ರಿಗಳಲ್ಲಿ ಮಿಥುನರಾಶಿಯ ಕಡೆಯಿಂದ ಉಲ್ಕೆಗಳು ಹೆಚ್ಚಾಗಿ ಬರುವವು. ನಕ್ಷತ್ರ ಬಿದ್ದರೆ ಯಾರೋ ಸಾಯುವರೆಂದು ಅಂಜುವವರುಂಟು. ಆದರೆ ಬೀಳುವದು ನಕ್ಷತ್ರವಲ್ಲ. 1983ರಲ್ಲಿ ಕಂಡುಹಿಡಿಯಲ್ಪಟ್ಟ ಫೇಥಾನ್ ಎಂಬ ಕ್ಷುದ್ರಗ್ರಹದಿಂದ ಉದುರಿದ ಚೂರುಗಳು ಅತಿವೇಗದಿಂದ ಗಾಳಿಯೊಳಗೆ ನುಗ್ಗಿ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿಯೇ ಉರಿದುಹೋಗುವವು.

ನಾಗಮಂಗಲದವರೂ ಕೃಷ್ಣರಾಜಪೇಟೆಯವರೂ ಕಣದಲ್ಲಿ ಕಂಬಳಿ ಹೊದ್ದು, ಊರದೀಪಗಳಿಗೆ ಬೆನ್ನುಮಾಡಿ, ಅರ್ಧ ಗಂಟೆ ಕಣ್ಣನ್ನು ಕತ್ತಲೆಗೆ ಒಗ್ಗಿಸಲಿ. ಅಂಜುವ ಮಕ್ಕಳನ್ನೂ ಜೊತೆಗೆ ಕರಕೊಳ್ಳಲಿ. ಚಂದ್ರನಿಲ್ಲದಿದ್ದರೆ ಮಧ್ಯರಾತ್ರಿಯ ಮೇಲೆ ಬಹಳ ಕಾಣುವವು.