ಕಡಲಿಗಿಳಿಯುವ ಮುಂಚೆ

ಓದತಕ್ಕ ವೇದಭಾಗ: ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ.

ಕಪಿಲಾ ತೀರದವರಾದ ನಮಗೆ ಹರಿಗೋಲು ಹೊಸದಲ್ಲ. ನಂಜನಗೂಡಿನಲ್ಲಿ 1735ರಲ್ಲಿಯೇ ಸೇತುವೆಯು ಕಟ್ಟಲ್ಪಟ್ಟಿತು. ಆದರೆ ಸೇತುವೆಯಿಲ್ಲದ ಕಡವುಗಳಲ್ಲಿ ನಮ್ಮ ಹಿರಿಯರು ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲಿನಿಂದ ಹೊಳೆ ದಾಟುತ್ತಿದ್ದರು. ಆಚೆಯ ದಡವು ಕಣ್ಣಿಗೆ ಕಾಣುತ್ತಿದ್ದದರಿಂದ ಬುತ್ತಿಯ ಚಿಂತೆ ಇರಲಿಲ್ಲ. ದೂರ ಪ್ರಯಾಣದ ಸಂಗತಿಯಾದರೋ ಬೇರೆ.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡಿ ಮೂಡಣ ಸಮುದ್ರದ ಕಡೆಗೆ ಹೋಗುತ್ತದೆ. ಹಾಗೆಯೇ ಘಟ್ಟದ ಕೆಳಗೆ ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಪಡುವಣ ಸಮುದ್ರವನ್ನು ಸೇರುತ್ತವೆ. ಅಲ್ಲಿಯೇ ಹಳೆಯ ಬಂದರು ಉಂಟು. ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ, ಮಂಗಳೂರು ಹಂಚುಗಳು ಈ ಬಂದರಿನಿಂದ ಮಂಜಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿ ಮೊದಲಾದ ಊರುಗಳಿಗೆ ಹೋಗುತ್ತಿದ್ದವು. ಮುಂಬಯಿಗೆ ಅಲ್ಲಿಂದ 400 ಮೈಲಿಗೂ ಹೆಚ್ಚು ದೂರ. ಈಗ ಮಂಜಿಗಳಿಗೆ ಯಂತ್ರ ಬಂದಿದೆ; ಆದರೂ ಹಾಯಿಯ ಕಾಲದವರು ಮಾಡುತ್ತಿದ್ದ ಸಿದ್ಧತೆಯಿಂದ ನಾವು ಕಲಿಯತಕ್ಕದ್ದು ಬಹಳವುಂಟು.

ಮೊದಲನೆಯದು, ಕಾಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಕಡಲು ಹಾಯಿಹಡಗಿಗೆ ದಾರಿ ಕೊಡುವದಿಲ್ಲ. ಆದಕಾರಣ ಮಂಜಿಯನ್ನು ದಡಕ್ಕೆಳೆದು, ತೆಂಗಿನ ಗರಿಯ ತಡಿಕೆ ಹೊದಿಸಿ ಇಡುತ್ತಿದ್ದರು. ಕೆಲಸವಿಲ್ಲದ ಕಾಲವೆಂದು ತೋರಿದ ಆ ದಿನಗಳೇ ಹಡಗನ್ನು ಶೋಧಿಸುವ ದಿನಗಳಾಗಿದ್ದವು. ಪೌಲನಿದ್ದ ಹಡಗಿನವರು ಕಾಲ ಮೀರಿದ್ದನ್ನು ತಿಳಿಸಿದರೂ ಕೇಳದೆ ಹೊರಟು ಹಡಗನ್ನೇ ಕಳಕೊಂಡರು.

ಎರಡನೆಯದು, ಸಂದುಗಳು. ದಡದಲ್ಲಿರುವ ಹಡಗಿನ ಹಲಗೆಗಳು ಒಣಗಿ ಕುಗ್ಗುತ್ತವೆ, ಸಂದುಗಳು ಬಿಡುತ್ತವೆ. ಅಂಟಿದ ಚಿಪ್ಪುಗಳನ್ನು ಹೆರೆದು, ಹುಳು ಕೊರೆದ ಹಲಗೆಯನ್ನು ತೆಗೆದು, ಎಣ್ಣೆಯಲ್ಲಿ ನೆನೆದ ಹತ್ತಿಯನ್ನು ಉಳಿಯಿಂದ ಸಂದಿಗೆ ಬಡಿಯುತ್ತಿದ್ದರು; ಮರಕ್ಕೆ ಮೀನೆಣ್ಣೆ ಹಚ್ಚುತ್ತಿದ್ದರು. ನೀರಿಗಿಳಿದಾಗ ಮರವೂ ಹತ್ತಿಯೂ ಉಬ್ಬಿ ಸಂದು ಮುಚ್ಚುವದು. ಇನ್ನೂ ಎಲ್ಲಿ ಜಿನುಗುತ್ತದೆಂದು ಬಂದರಿನ ತಿಳಿನೀರಿನಲ್ಲಿಯೇ ನೋಡಿದ ಮೇಲೆ ಸರಕು ಏರಿಸುವದು ಬುದ್ಧಿವಂತರ ರೀತಿ. ದಡದಲ್ಲಿ ಬೆರಳು ತೋರಿಸಿದರೆ ಸಾಕಾಗುವ ಬಿರುಕನ್ನು ನಡುಗಡಲಿನಲ್ಲಿ ಮುಚ್ಚುವದು ಪ್ರಯಾಸವು.

ಮೂರನೆಯದು, ಭಾರ. ಹಂಚಿನ ಭಾರವನ್ನು ಒಂದೇ ಪಕ್ಕಕ್ಕೆ ಇಟ್ಟರೆ ಹಡಗು ಮಾಲುವದು. ಮಿತಿ ಮೀರಿ ತುಂಬಿದರೆ ಅಲೆಯು ಒಳಗೆ ಬರುವದು. ಅಕ್ಕಿ, ಕಟ್ಟಿಗೆ, ಒಣಮೀನು, ಎಲ್ಲಕ್ಕಿಂತ ಮುಖ್ಯವಾಗಿ ಸಿಹಿನೀರು, ಇವುಗಳಿಗೆ ಸ್ಥಳ ಬಿಡಬೇಕು. ಸುತ್ತಲೂ ನೀರಿದ್ದರೂ ಕುಡಿಯುವ ನೀರನ್ನು ಹೊತ್ತೇ ಹೋಗಬೇಕಷ್ಟೆ.

ನಾಲ್ಕನೆಯದು, ಜನರು. ತಂಡೇಲನು ಹೇಳಿದ ಕೂಡಲೇ ಖಲಾಸಿಗಳು ಒಟ್ಟಾಗಿ ಹಗ್ಗ ಹಿಡಿಯಬೇಕು. ರಾತ್ರಿಯಲ್ಲಿ ನೆಲದಿಂದ ಕಡಲಿಗೂ, ಹಗಲಿನಲ್ಲಿ ಕಡಲಿನಿಂದ ನೆಲಕ್ಕೂ ಗಾಳಿ ಬೀಸುವದನ್ನು ತಿಳಿದು ಹಾಯಿ ತಿರುಗಿಸಬೇಕು. ಒಬ್ಬನು ತಡಮಾಡಿದರೆ ಎಲ್ಲರಿಗೂ ಅಪಾಯ. ಪೌಲನಿದ್ದ ಹಡಗಿನಲ್ಲಿ 276 ಮಂದಿ ಇದ್ದರು. ನಾವಿಕರು ತಮ್ಮ ಪ್ರಾಣ ಮಾತ್ರ ಉಳಿದರೆ ಸಾಕೆಂದು ಸಣ್ಣ ದೋಣಿಯನ್ನು ಗುಟ್ಟಾಗಿ ಇಳಿಸಿದಾಗ, ಅವರು ಉಳಿಯದಿದ್ದರೆ ಮಿಕ್ಕವರೂ ಉಳಿಯರೆಂದು ಅಪೊಸ್ತಲನು ಎಚ್ಚರಿಸಿದನು. ಸಿಪಾಯಿಗಳು ಆ ದೋಣಿಯ ಹಗ್ಗವನ್ನು ಕತ್ತರಿಸಿದರು. ಹಡಗು ಒಡೆದರೂ ಎಲ್ಲರೂ ದಡ ಸೇರಿದರು.

ಪ್ರಿಯರೇ, ನಮ್ಮ ಹಳ್ಳಿಗಳಿಂದ ಮಕ್ಕಳು ಕೆಲಸಕ್ಕಾಗಿ ಮೈಸೂರಿಗೂ ಬೆಂಗಳೂರಿಗೂ ಹೊರಡುತ್ತಾರೆ. ಬಟ್ಟೆಬರೆ, ಪ್ರಯಾಣದ ಹಣ ಇವುಗಳನ್ನು ನಾವು ಸಿದ್ಧಮಾಡುತ್ತೇವೆ. ಪ್ರಾರ್ಥಿಸುವ ಅಭ್ಯಾಸ, ಸಾಲಕ್ಕೂ ಕುಡಿತಕ್ಕೂ ಬೇಡವೆನ್ನುವ ಧೈರ್ಯ, ಕಷ್ಟ ಬಂದಾಗ ಮನೆಗೆ ಮುಚ್ಚಿಡದೆ ತಿಳಿಸುವ ಸಲಿಗೆ, ಇವುಗಳನ್ನು ಯಾವಾಗ ಕಟ್ಟಿಕೊಡುವೆವು? ಬಸ್ಸು ಹೊರಟ ಮೇಲೆ ಅಲ್ಲ. ಅವರು ನಮ್ಮ ಜಗಲಿಯ ಮೇಲೆ ಕೂತಿರುವಾಗಲೇ. ಮಗನ ತಪ್ಪನ್ನು ಊರಲ್ಲಿ ಪ್ರೀತಿಯಿಂದ ತಿದ್ದದೆ ಬಿಟ್ಟು, ಪಟ್ಟಣವು ಅವನನ್ನು ಕೆಡಿಸಿತೆಂದು ಅಳುವದರಿಂದ ಫಲವೇನು? ಹೋದವರ ಹೆಸರುಗಳನ್ನು ಸಭೆಯು ಮರೆಯದಿರಲಿ. ಕಡಲಿನ ಮೇಲೆಯೂ ಅವರು ನಮ್ಮ ಹಡಗಿನವರೇ.

ಪ್ರಶ್ನೆಗಳು:
1. ಮಂಜಿಯನ್ನು ಮುಂಗಾರಿನಲ್ಲಿ ಶೋಧಿಸುತ್ತಿದ್ದದ್ದು ಯಾಕೆ?
2. ಸಣ್ಣ ದೋಣಿಯ ಹಗ್ಗವನ್ನು ಕತ್ತರಿಸಿದ್ದರಿಂದ ಯಾರಿಗೆ ಹಿತವಾಯಿತು?
3. ನಮ್ಮ ಸಭೆಯಿಂದ ಈ ವರುಷ ಹೊರಡುವವರು ಯಾರು? ಅವರಿಗಾಗಿ ಈ ವಾರದಲ್ಲಿಯೇ ನಾವು ಮಾಡತಕ್ಕದ್ದೇನು?