ತಲೆ ಎತ್ತಿದ ಹೊತ್ತು

ನೋಡು ಮಾರಾಯ್ತಿ, ಬೆಳೆ ಸಮೀಕ್ಷೆ ಆ್ಯಪ್ ನಮ್ಮ ಬೆಳೆಗಾರರಿಗೆ ಎಷ್ಟು ಸಲೀಸು ಅಂತ ತಿಳಿಯಲು ಕಣ್ಣಿನ ನೋಟ ಹಿಂಬಾಲಿಸುವ ಐ ಟ್ರ್ಯಾಕರ್ ಹಿಡಿದು ಮೂಡಿಗೆರೆ, ಕಳಸ ಸುತ್ತುತ್ತೀಯಂತೆ. ಒಳ್ಳೇದೇ. 1947ರಷ್ಟು ಹಿಂದೆಯೇ ಅಮೆರಿಕದ ಪಾಲ್ ಫಿಟ್ಸ್ ಮತ್ತು ಸಂಗಡಿಗರು ವಿಮಾನ ಇಳಿಸುವ ಪೈಲಟ್‌ಗಳ ಕಣ್ಣು ಎತ್ತ ಹೋಗುತ್ತದೆ ಅಂತ ಸಿನಿಮಾ ಕ್ಯಾಮೆರಾದಲ್ಲಿ ಹಿಡಿಯತೊಡಗಿದ್ದರು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ ಇದೇ ಕೆಲಸ ಮಾಡುತ್ತಿದೆ; ಕೈ ಸ್ವಾಧೀನವಿಲ್ಲದವರು ಕಣ್ಣಲ್ಲೇ ಕಂಪ್ಯೂಟರ್ ನಡೆಸುವ ದಾರಿಯನ್ನೂ ಹುಡುಕುತ್ತಿದೆ.

ಕಾಫಿ ಕಣದ ಬಿಸಿಲಲ್ಲಿ ಮಾತ್ರ ಯಂತ್ರ ಇಡಬೇಡ. ಅದು ಇನ್‌ಫ್ರಾರೆಡ್ ಬೆಳಕು ಬಿಟ್ಟು ಕಣ್ಣಲ್ಲಿ ಏಳುವ ಮಿನುಗನ್ನು ನಂಬಿದೆ, ಬಿಸಿಲಲ್ಲೂ ಅದೇ ಬೆಳಕು ತುಂಬಿದೆ. ಬೆಳೆಗಾರರನ್ನು ಜಗಲಿಯಲ್ಲಿ ಕೂರಿಸು. ಕನ್ನಡಕ ತೆಗೀರಿ ಅನ್ನಬೇಡ. ತೆಗೆದರೆ ಅವರಿಗೆ ಅಕ್ಷರವೇ ಕಾಣದು.

‘ಸುಮ್ಮನೆ ನೋಡಿ’ ಅಂದರೆ ಕಣ್ಣು ಅಲೆಯುತ್ತದೆ. ಒಂದೇ ಚಿತ್ರ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದರೆ ನೋಟದ ದಾರಿಯೇ ಬದಲಾಗುತ್ತದೆಂದು ರಷ್ಯದ ಮನೋವಿಜ್ಞಾನಿ ಯಾರ್ಬಸ್ ತೋರಿಸಿಕೊಟ್ಟ. ಹಾಗಾಗಿ ‘ನಿಮ್ಮ ಸರ್ವೆ ನಂಬರ್ ಹುಡುಕಿ, ಕಾಳುಮೆಣಸು ಸೇರಿಸಿ’ ಅಂತ ಖಚಿತವಾಗಿ ಹೇಳು.

ಓದುವಾಗ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡ್ ನಿಂತು ಹಾರುತ್ತದೆ. ಮಿಶ್ರ ಬೆಳೆಯ ಪುಟದಲ್ಲಿ ಬಹಳ ಹೊತ್ತು ನಿಂತಿತು ಅಂತಿಟ್ಟುಕೊ. ಪುಟ ಅರ್ಥವಾಗಲಿಲ್ಲವೋ, ಇಲ್ಲಾ ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸಿನ ಬಳ್ಳಿ ಎಷ್ಟಿರಬಹುದು ಅಂತ ಮನಸ್ಸಲ್ಲೇ ತೋಟ ಸುತ್ತುತ್ತಿದ್ದರೋ? ಕಣ್ಣು ಹೆಚ್ಚು ಹೊತ್ತು ನಿಂತ ಜಾಗ ತೋರಿಸುವ ನಕ್ಷೆಯಲ್ಲಿ ಯಂತ್ರ ಎರಡಕ್ಕೂ ಒಂದೇ ಕೆಂಪು ಬಳಿಯುತ್ತದೆ. ಬೇಗ ಸರಿದ ಕಣ್ಣೂ ಅಸಡ್ಡೆಯದೇ ಆಗಬೇಕಿಲ್ಲ. ಕಾಂಡ ಕೊರೆಯುವ ಬೋರರ್ ಹುಳು ಹಿಡಿದ ಕಾಫಿ ಗಿಡ ಹುಡುಕುವ ಪಳಗಿದ ಆಳು ಕಾಂಡದ ಉಬ್ಬುಗೆರೆಯನ್ನು ಒಂದೇ ನೋಟಕ್ಕೆ ಗುರುತಿಸಿ ಮುಂದಿನ ಗಿಡಕ್ಕೆ ಹೋಗುತ್ತಾನಲ್ಲ. ಅದಕ್ಕೇ, ಕೆಲಸ ಮುಗಿದ ಮೇಲೆ ರೆಕಾರ್ಡಿಂಗ್ ತೋರಿಸಿ ‘ಇಲ್ಲಿ ಏನು ಯೋಚನೆ ಬಂತು?’ ಅಂತ ಕೇಳು. ನಡುವೆ ಬಾಯಿ ಹಾಕಬೇಡ. ಮಾತಾಡುತ್ತಾ ಮಾಡಿದರೆ ಕಣ್ಣಿನ ನಡೆಯೇ ಬೇರೆ.

ಇನ್ನೊಂದು. ನಮ್ಮ ಹಿರಿಯರು ತಡವರಿಸಿದಾಗ ಪರದೆ ಬಿಟ್ಟು ಪಕ್ಕದಲ್ಲಿ ಕೂತ ಮೊಮ್ಮಗನ ಮುಖ ನೋಡುತ್ತಾರೆ. ಯಂತ್ರ ಅದನ್ನು ಕಳೆದುಹೋದ ದತ್ತಾಂಶ ಅನ್ನುತ್ತದೆ, ನಿನ್ನ ಆಫೀಸಿನವರು ಅಳಿಸಿಹಾಕು ಅಂದಾರು. ಅಳಿಸಬೇಡ. ಯಾವ ಪುಟದಲ್ಲಿ, ಯಾವ ಗುಂಡಿಯ ಮುಂದೆ ತಲೆ ಎತ್ತಿದರು ಅಂತ ಬರೆದಿಡು. ನನ್ನ ಪ್ರಕಾರ ಆ್ಯಪ್ ತಿದ್ದಬೇಕಾದ್ದು ಮೊದಲು ಅಲ್ಲೇ.

ಮತ್ತೆ, ನವೆಂಬರಿನಿಂದ ಜನವರಿವರೆಗೆ ಮಾತ್ರ ಬರಬೇಡ. ಅರೇಬಿಕಾ ಕೊಯ್ಲು, ನಿನ್ನ ಮುಂದೆ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.