ತಡವಾಯಿತೆಂದು ಬರೆದವಳಿಗೆ

ಅಂಜನಾಪುರ

ಮಗಳೇ,

ನಿನ್ನ ಕಾಗದ ಓದಿದೆ. ‘ನಲವತ್ತೆರಡಾಯಿತು, ಇನ್ನು ಬರೆಯಲು ಕೂತರೆ ಜನ ಏನಂದಾರು’ ಎಂದು ಕೇಳಿದ್ದೀಯ. ಜನರ ಮಾತು ಒತ್ತಟ್ಟಿಗಿರಲಿ. ಸಾರಾ ಅಬೂಬಕ್ಕರ್ ಅವರನ್ನು ನೆನಪು ಮಾಡಿಕೋ.

1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮುಂದೆ ಓದಬೇಕೆಂಬ ಆಸೆಗೆ ಸಮುದಾಯದ ಕಟ್ಟುಪಾಡು ಅಡ್ಡ ಬಂತು. ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ದಕ್ಕಿದ್ದೇ 1963ರಲ್ಲಿ. ಬರಹ ಅಚ್ಚಾದದ್ದು 1981ರಲ್ಲಿ, ಲಂಕೇಶ್ ಪತ್ರಿಕೆಯಲ್ಲಿ. ಆಗ ಅವರಿಗೆ ನಲವತ್ತೈದರ ವಯಸ್ಸು. ಆ ಮೊದಲ ಬರಹ ಕಥೆಯಲ್ಲ, ಕಾದಂಬರಿಯೂ ಅಲ್ಲ. ಕೋಮು ಸೌಹಾರ್ದದ ಬಗ್ಗೆ ಒಂದು ಲೇಖನ. ಹೇಳಲೇಬೇಕಾದದ್ದೊಂದು ಮನಸ್ಸಿನಲ್ಲಿತ್ತು, ಹೇಳಿದರು. ಅದೇ ಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಆಮೇಲೆ.

ಆ ಕಾದಂಬರಿಯ ನಾದಿರಾಳನ್ನು ಇಪ್ಪತ್ತರ ಹುಡುಗಿ ಬರೆಯುವುದು ಸಾಧ್ಯವಿರಲಿಲ್ಲ ಎಂದೇ ನನ್ನ ನಂಬಿಕೆ. ಅಪ್ಪ ಮತ್ತು ಗಂಡನ ಹಟದ ನಡುವೆ ಒಬ್ಬ ಹೆಣ್ಣು ನುಗ್ಗಾಗುವುದನ್ನು ಬರೆಯಲು ಸಂಸಾರದ ಒಳಮನೆಯಲ್ಲಿ ವರ್ಷಗಟ್ಟಲೆ ಇದ್ದು ನೋಡಿರಬೇಕು. ಹಾಗೆಂದು ವಯಸ್ಸಾದರೆ ಬರವಣಿಗೆ ತಾನಾಗಿ ಕೈಗೆ ಬರುತ್ತದೆಂದು ತಿಳಿಯಬೇಡ. ಅವಕಾಶ ಸಿಕ್ಕಲ್ಲೆಲ್ಲ ಅವರು ಓದುತ್ತಿದ್ದರು. ನೀನು ಓದುವುದನ್ನು ಬಿಟ್ಟಿದ್ದೀಯ, ಅದೇ ನನಗೆ ಚಿಂತೆ.

ಇನ್ನೊಬ್ಬರು ನಮಗೆ ಹತ್ತಿರದವರೇ. ಇಲ್ಲಿಂದ ಮೆಟ್ರೋ ಹತ್ತಿದರೆ ಸಿಗುವ ಜಯನಗರದಲ್ಲಿ ಬಾಳಿದ ಜಿ. ವೆಂಕಟಸುಬ್ಬಯ್ಯನವರು. ಕಾಲೇಜಿನ ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೆ, 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಶುರುಮಾಡಿದರು. ಹುಟ್ಟಿದ್ದು 1913ರಲ್ಲಿ, ಲೆಕ್ಕ ನೀನೇ ಹಾಕು. ಈ ಪದ ಸರಿಯೋ ಆ ಪದ ಸರಿಯೋ, ಇದರ ಮೂಲ ಯಾವುದು ಎಂದು ಓದುಗರು ಕೇಳುವುದು, ಅವರು ಕೆಲವೇ ಸಾಲುಗಳಲ್ಲಿ ಉತ್ತರಿಸುವುದು. ಬೆನ್ನ ಹಿಂದೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ದುಡಿದ ದಶಕಗಳಿದ್ದವು. ಪಂಡಿತರ ವಲಯದಲ್ಲಿದ್ದ ಹೆಸರು ಮನೆಮನೆಗೆ ತಲುಪಿದ್ದು ಆ ಅಂಕಣದಿಂದ. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ತೊಂಬತ್ತೇಳು ದಾಟಿತ್ತು.

ಇಬ್ಬರೂ ಶುರುಮಾಡಿದ್ದು ಚಿಕ್ಕದರಿಂದ: ಒಂದು ಲೇಖನ, ಒಂದು ಪ್ರಶ್ನೆಗೆ ಒಂದು ಉತ್ತರ. ನೀನೋ ಮೊದಲ ಏಟಿಗೇ ಕಾದಂಬರಿ ಬರೆಯಹೊರಟು, ಮೂರನೇ ಪುಟಕ್ಕೆ ಕೈಚೆಲ್ಲಿದ್ದೀಯ. ಅದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಬಡಾವಣೆ ಬರುವ ಮುಂಚೆ ಇಲ್ಲಿ ನಿಮ್ಮಜ್ಜಿ ರಾಗಿ ಬೆಳೆಯುತ್ತಿದ್ದರಲ್ಲ. ಯಾವ ಹೊಲ ಯಾರದು, ಕಣ ಎಲ್ಲಿ ಮಾಡುತ್ತಿದ್ದರು, ಕೆರೆಯ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂಬುದೆಲ್ಲ ನಿನಗೆ ಬಾಯಿಪಾಠ. ಈಗ ಸೈಟಿನ ನಂಬರು ಹೇಳುವವರಿದ್ದಾರೆ, ಹೊಲದ ಹೆಸರು ಹೇಳುವವರಿಲ್ಲ. ಅದನ್ನು ನೀನು ಬರೆಯದಿದ್ದರೆ ಇನ್ನು ಯಾರು ಬರೆಯಬೇಕು?

ಕಾದಂಬರಿಯನ್ನು ಸದ್ಯಕ್ಕೆ ಎತ್ತಿಡು. ಆ ಹೊಲದ ಬಗ್ಗೆ ಎರಡು ಪುಟ ಬರೆದು ಮುಂದಿನ ಭಾನುವಾರ ತಂದುಕೊಡು. ತಿದ್ದುವುದಿದ್ದರೆ ಕೂತು ತಿದ್ದೋಣ.

ಇಂತಿ ನಿನ್ನ ಹಿತೈಷಿ